ಒಂಬತ್ತು ದಿನದ ಚೆಂಡು

“ಏಳ್ತೀಯೋ, ಇಲ್ಲಾ ಕುಂತಿರೋ ಮೆಟ್ಲು ಸಮೇತ ಕಿತ್ತು ಆಚೆಗೆ ಎಸೀಲೋ?”

“ಎಸಿಯಲಾ ನೋಡವ! ಒಂದು ಮಂಕರಿ ಗೊಬ್ಬರ ಎತ್ತಕ್ಕೆ ಇನ್ನೊಬ್ಬನ್ನ ಕರೆಯೋನು ನೀನು, ನನ್ನ ಎತ್ತೀಯಾ?”

“ನಾಚ್ಕೆ ಆಗಲ್ವಾ ಭಾವ? ಒಂಬತ್ತು ದಿನ ಆಯ್ತು! ಹತ್ತು ಹೆಣ್ಣುಮಕ್ಕಳು ಗೆರೆ ಒಳಗೆ ದೊಡ್ಡಿಗೆ ಕೂಡಿದಂಗೆ ಅವ್ರೆ. ಅದ್ರಲ್ಲಿ ಒಬ್ಳು ನಿನ್ನ ಸ್ವಂತ ಮಗಳು. ಕಣ್ಣು ಕಾಣಾಕಿಲ್ವಾ?”

“ನನ್ ಮಗಳ ಇಚಾರ ನೀನು ಆಡಬ್ಯಾಡ. ನೀನು ಎಮ್ಮೆ ಇಚಾರ ಆಡು. ಅದು ನಿಂಗೆ ಚೆಂದಾಗಿ ಬತ್ತದೆ.”

ಎಮ್ಮೆ ಅಂದಕೂಡಲೇ ಮರಿಸ್ವಾಮಿಯ ಮುಖ ಕಪ್ಪಿಟ್ಟಿತು. ಕೈಯಲ್ಲಿದ್ದ ಛತ್ರಿಯನ್ನು ನನ್ನ ಕಡೆಗೆ ಬೀಸಿ ಒಗೆದ. ಅದು ನನಗೆ ತಾಗಲಿಲ್ಲ. ಗಾಳಿಯಲ್ಲೇ ಬಿಚ್ಚಿಕೊಂಡು, ಗ್ಯಾಲರಿಯ ಮೆಟ್ಟಿಲುಗಳ ಮೇಲೆ ಒಂದೊಂದಾಗಿ ಉರುಳುತ್ತಾ ಹೋಗಿ, ಕೆಳಗೆ ಗಫಾರ್ ಮೇಷ್ಟ್ರ ಕಾಲ ಬಳಿ ನಿಂತಿತು. ಮೇಷ್ಟ್ರು ಅದನ್ನು ಮಡಚಿ ಕಂಬಕ್ಕೆ ಒರಗಿಸಿದರು. ಅವರು ನಮ್ಮೂರಿನ ಪೀಟಿ ಮೇಷ್ಟ್ರು, ಪಂದ್ಯದ ರೆಫ್ರಿ. ಒಂಬತ್ತು ದಿನದಿಂದ ಸೀಟಿಯನ್ನು ಕೊರಳಿಂದ ತೆಗೆದಿರಲಿಲ್ಲ.

ಮರಿಸ್ವಾಮಿ ನನ್ನ ಹೆಂಡತಿಯ ತಮ್ಮ. ಇರುವುದು ಟ್ಯಾಂಕ್ ಬೀದಿಯಲ್ಲಿ. ನಾವಿರುವುದು ಗಿರಣಿ ಬೀದಿಯಲ್ಲಿ. ನಮ್ಮೂರಿನಲ್ಲಿ ಇಷ್ಟು ಹೇಳಿದರೆ ಜಗಳ ಯಾಕೆ ಅಂತ ಯಾರೂ ಕೇಳುವುದಿಲ್ಲ. ಟ್ಯಾಂಕ್ ಬೀದಿಗೆ ಒಂದು ಬ್ಯಾಸ್ಕೆಟ್‌ಬಾಲ್ ತಂಡ, ಗಿರಣಿ ಬೀದಿಗೆ ಒಂದು. ವರ್ಷಕ್ಕೊಂದು ಸಲ ಎರಡೂ ಎದುರಾಗುತ್ತವೆ. ಗೆದ್ದವರು ಫೈನಲ್ಲಿಗೆ, ಸೋತವರು ಮುಂದಿನ ವರ್ಷಕ್ಕೆ.

ನಮ್ಮ ತಲೆಯ ಮೇಲೆ, ಪೂರ್ವದ ಕಡೆಯ ರಿಂಗಿನಿಂದ ಒಂದು ಮೊಳ ಈಚೆಗೆ, ರಿಂಗಿಗಿಂತ ಒಂದು ಮೊಳ ಎತ್ತರದಲ್ಲಿ, ಚೆಂಡು ನಿಂತಿತ್ತು.

ಆ ದಿನದ ಕೊನೆಯ ಆರು ಸೆಕೆಂಡನ್ನು ನಾನು ಇನ್ನೂ ಒಂದೊಂದಾಗಿ ಬಿಡಿಸಿ ಹೇಳಬಲ್ಲೆ. ಟ್ಯಾಂಕಿನವರದು ಐವತ್ತೆಂಟು, ನಮ್ಮದು ಐವತ್ತೇಳು. ಚೆಂಡು ನಮ್ಮ ಕೈಯಲ್ಲಿ. ನಗಾರಿ ಬಡಿಯುತ್ತಿದ್ದವನು ಕೋಲನ್ನು ಎತ್ತಿದವನು ಇಳಿಸಲೇ ಇಲ್ಲ. ನನ್ನ ಮುಂದೆ ಕೂತಿದ್ದ ದರ್ಜಿ ಕೊರಳಲ್ಲಿದ್ದ ಅಳತೆ ಟೇಪನ್ನು ಬಾಯಿಗೆ ಹಾಕಿ ಅಗಿಯುತ್ತಿದ್ದ, ಹನ್ನೊಂದು ಇಂಚು ಅಗಿದಿದ್ದ ಅಂತ ಆಮೇಲೆ ಗೊತ್ತಾಯಿತು. ಮೂರು ವರ್ಷದಿಂದ ಮಾತು ಬಿಟ್ಟಿದ್ದ ಅತ್ತೆ ಸೊಸೆ ಇಬ್ಬರು ಒಬ್ಬರ ಕೈಯನ್ನು ಒಬ್ಬರು ಹಿಂಡುತ್ತಿದ್ದರು, ಯಾರ ಕೈ ಅಂತ ಇಬ್ಬರಿಗೂ ಅರಿವಿರಲಿಲ್ಲ. ಗಟ್ಟಿ ಗಂಡಸರು ನಾಲ್ಕೈದು ಜನ ಕೋರ್ಟಿಗೆ ಬೆನ್ನು ಹಾಕಿ ಗೋಡೆ ನೋಡುತ್ತಾ ನಿಂತಿದ್ದರು. ನನ್ನ ಹೆಂಡತಿ ಚೆನ್ನಾಜಿ ಸೆರಗಿನಿಂದ ಮುಖ ಮುಚ್ಚಿಕೊಂಡು “ಏನಾಯ್ತು, ಏನಾಯ್ತು ಹೇಳ್ರೀ” ಅನ್ನುತ್ತಿದ್ದಳು. ನಾನು “ಸುಮ್ಕಿರೇ” ಅಂತ ಗದರಿದೆ. ಆಗ ನಮ್ಮ ಕಡೆಯ ನೂರು ಬಾಯಿ ಒಟ್ಟಿಗೆ ಕೂಗಿದವು: “ಎಸಿ ದಮ್ಮೀ!”

ದಮ್ಮಿ ಅಂದರೆ ದಮಯಂತಿ, ನನ್ನ ಮಗಳು. ಇಪ್ಪತ್ತೆರಡು ವರ್ಷ. ಬೇಕರಿಯಲ್ಲಿ ಕೆಲಸ. ಟ್ಯಾಂಕಿನ ಇಬ್ಬರು ಹುಡುಗಿಯರು ಅವಳ ಮೇಲೆ ಗೋಡೆಯ ಹಾಗೆ ಎದ್ದರು. ಅವಳು ಒಂದು ಹೆಜ್ಜೆ ಹಿಂದಕ್ಕೆ ಇಟ್ಟು ನೆಗೆದಳು. ಚೆಂಡು ಕೈಯಿಂದ ಹೊರಟಿತು. ನಾಲ್ಕು ನೂರು ಜನ ಉಸಿರು ಒಳಗೆಳೆದುಕೊಂಡರು. ಚೆಂಡು ಏರಿತು, ಬಾಗಿತು, ಇಳಿಯುವುದಕ್ಕೆ ಶುರು ಮಾಡಿತು, ನಿಂತುಬಿಟ್ಟಿತು.

ಗಫಾರ್ ಮೇಷ್ಟ್ರು ಒಂದು ಉದ್ದನೆಯ ಸೀಟಿ ಊದಿದರು. ಆಮೇಲೆ ಜೇಬಿನಿಂದ ಸೀಮೆಸುಣ್ಣ ತೆಗೆದು, ಗ್ಯಾಲರಿ ಹತ್ತಿ, ಕೂತಿದ್ದ ಒಬ್ಬೊಬ್ಬರ ಸುತ್ತ ಒಂದೊಂದು ವೃತ್ತ ಬರೆದುಕೊಂಡು ಬಂದರು. ಜನ ಕಾಲು ಎತ್ತಿ ಅನುಕೂಲ ಮಾಡಿಕೊಟ್ಟರು. “ತೂಗುಬಿತ್ತಲ್ಲಪ್ಪಾ ಈ ಸಲಾನೂ” ಅಂತ ಯಾರೋ ಅಂದರು. ಆಗಲೇ ಹೆಂಗಸರು ಮನೆಯಲ್ಲಿ ಒಲೆಯ ಮೇಲೆ ಏನಿಟ್ಟು ಬಂದಿದ್ದೆವು ಅಂತ ನೆನಪು ಮಾಡಿಕೊಳ್ಳುತ್ತಿದ್ದರು.

ಕಟ್ಟುಪಾಡು ಸರಳ. ಚೆಂಡು ತೂಗುಬಿದ್ದಾಗ ಯಾರ ಯಾರ ಸುತ್ತ ವೃತ್ತ ಇದೆಯೋ ಅವರೆಲ್ಲ ಅದನ್ನು ಹಿಡಿದಿದ್ದಾರೆ. ಹಿಡಿದವರು ಎದ್ದು ನಿಂತು “ಬಿಟ್ಟೆ” ಅನ್ನಬೇಕು. ಮೇಷ್ಟ್ರು ಒದ್ದೆ ಬಟ್ಟೆಯಿಂದ ಆ ವೃತ್ತ ಒರೆಸುತ್ತಾರೆ. ಕೊನೆಯ ವೃತ್ತ ಅಳಿಸುವವರೆಗೆ ಚೆಂಡು ಇಳಿಯುವುದಿಲ್ಲ. ಊಟಕ್ಕೆ, ಸ್ನಾನಕ್ಕೆ ಹೋಗಿ ಬರಬಹುದು, ಚಪ್ಪಲಿಯನ್ನು ವೃತ್ತದೊಳಗೆ ಇಟ್ಟು ಹೋದರೆ ಸಾಕು. ಆಡುವವರು ಮಾತ್ರ ಗೆರೆಯ ಒಳಗೇ ಇರಬೇಕು. ಬಚ್ಚಲಿಗೆ ಹೋಗಲು ಕೋರ್ಟಿನಿಂದ ಹಿಂದಿನ ಮನೆಯವರೆಗೆ ಚಾಪೆ ಹಾಸುತ್ತಾರೆ. ಚಾಪೆ ಕೂಡ ಗೆರೆಯ ಒಳಗೇ ಅಂತ ಲೆಕ್ಕ. ಬರಿಯ ಮಣ್ಣಿಗೆ ಕಾಲಿಡುವಂತಿಲ್ಲ. ಇಟ್ಟರೆ ಏನಾಗುತ್ತದೆ ಅಂತ ಯಾರಿಗೂ ಗೊತ್ತಿಲ್ಲ, ಯಾರೂ ಇಟ್ಟಿರಲಿಲ್ಲ.

ಮೊದಲ ಮೂರು ದಿನ ಸಂತೆಯ ಹಾಗೆ. ಗ್ಯಾಲರಿಯ ಬುಡದಲ್ಲಿ ಒಬ್ಬ ಕುರ್ಚಿ ಹಾಕಿ ಕ್ಷೌರ ಮಾಡುತ್ತಿದ್ದ. ಹೆಂಗಸರು ಬಿಸಿಲಿಗೆ ಹಪ್ಪಳ ಹಾಕಿದರು. ಟ್ಯಾಂಕಿನ ತಂಡದ ಒಬ್ಬಳಿಗೆ ಮೊಲೆ ಕುಡಿಯುವ ಕೂಸಿತ್ತು. ಅವಳ ಅತ್ತೆ ದಿನಕ್ಕೆ ಐದು ಸಲ ಅದನ್ನು ಗೆರೆಯವರೆಗೆ ತಂದು ಒಳಕ್ಕೆ ದಾಟಿಸುತ್ತಿದ್ದಳು. ನಮ್ಮ ಹುಡುಗಿಯರು ಸುತ್ತ ಸೀರೆ ಹಿಡಿದು ಮರೆ ಮಾಡುತ್ತಿದ್ದರು. ಚೆಂಡು ನಿಂತಲ್ಲೇ ಬಹಳ ನಿಧಾನ ತಿರುಗುತ್ತಿತ್ತು. ಅದರ ಮೇಲಿನ ಕಪ್ಪು ಗೆರೆ ಒಂದು ಸುತ್ತು ಬರುವುದಕ್ಕೆ ಒಂದು ಹಗಲು ಹಿಡಿಯುತ್ತಿತ್ತು. ನೆರಳು ಬೆಳಿಗ್ಗೆ ಪಶ್ಚಿಮದ ಗೆರೆಯಿಂದ ಹೊರಟು, ಮಧ್ಯಾಹ್ನ ರಿಂಗಿನ ಕೆಳಗೆ ಬಂದು, ಸಂಜೆ ಗೇಟಿನ ಕಡೆ ಉದ್ದವಾಗುತ್ತಿತ್ತು. ಜನ ಅದನ್ನು ನೋಡಿ ಹೊತ್ತು ಹೇಳುತ್ತಿದ್ದರು. ಒಂದು ಗುಬ್ಬಿ ಅದರ ಮೇಲೆ ಕೂತು ಮೈ ಕೆದರಿಕೊಳ್ಳುವುದನ್ನು ಕಲಿಯಿತು. ಬಸ್ಸುಗಳು ಕೋರ್ಟಿನ ತಿರುವಿನಲ್ಲಿ ಹಾರನ್ ಹೊಡೆಯದೆ ಸರಿದು ಹೋಗುತ್ತಿದ್ದವು. ನಾಲ್ಕನೆಯ ದಿನದ ಹೊತ್ತಿಗೆ ಯಾರೂ ಚೆಂಡನ್ನು ತಲೆ ಎತ್ತಿ ನೋಡುತ್ತಿರಲಿಲ್ಲ. ಚಂದ್ರನನ್ನು ಯಾರು ದಿನಾ ನೋಡುತ್ತಾರೆ?

ಆ ದಿನಗಳಲ್ಲಿ ನಮ್ಮೂರಿನ ಮಾತು ಬದಲಾಗುತ್ತದೆ. ‘ಮಗೂನ ಸ್ಕೂಲಿಗೆ ಮುಟ್ಟಿಸ್ದೆ’ ಅನ್ನುತ್ತಾರೆ. ‘ಕುಡಿಯೋದು ನಿಲ್ಲಿಸ್ದೆ’ ಅನ್ನುತ್ತಾರೆ. ‘ಕಾಲುವೆಗೆ ನೀರು ಹರಿಸ್ದೆ’ ಅನ್ನುತ್ತಾರೆ. ವೃತ್ತ ಇರುವವರ ಬಾಯಿಂದ ಆ ಒಂದು ಮಾತು ಯಾವ ಕಾರಣಕ್ಕೆ ಹೊರಬಿದ್ದರೂ ಮುಗಿಯಿತು. ಐದನೆಯ ದಿನ ದರ್ಜಿ ಕೂತಲ್ಲೇ ನಿದ್ದೆ ಹೋಗಿ, ಕನಸಿನಲ್ಲಿ ಯಾರಿಗೋ ಅಳತೆ ಹೇಳುತ್ತಾ “ಅರ್ಧ ಇಂಚು ಬಿಟ್ಟೆ” ಅಂದ. ಎದ್ದು ನೋಡಿದರೆ ಸುತ್ತ ಒದ್ದೆ ಕಲ್ಲು. ಪಾಪ, ಬಟ್ಟೆ ಕೊಡವಿಕೊಂಡು ಮನೆಗೆ ಹೋದ.

ಬಾಕಿಯವರು ತಾವಾಗಿಯೇ ಎದ್ದರು. ಕೆಲಸ ಯಾರಿಗಿಲ್ಲ? “ಬಿಟ್ಟೆ” ಅಂದು ಚೆಂಡಿನ ಕಡೆ ಒಂದು ಸಲ ಕೈಮುಗಿದು ಇಳಿದು ಹೋಗುತ್ತಿದ್ದರು. ಚೆನ್ನಾಜಿ ನಾಲ್ಕನೆಯ ದಿನವೇ ಎದ್ದಳು. “ಅವಳನ್ನ ಹಿಂಗೆ ನೋಡಕ್ಕೆ ನನ್ ಕೈಲಾಗಲ್ಲ” ಅಂದಳು. ಏಳನೆಯ ದಿನ ಸಂಜೆಗೆ ಉಳಿದದ್ದು ಎರಡೇ ವೃತ್ತ. ಗಿರಣಿ ಬೀದಿಯಿಂದ ನಾನು, ಟ್ಯಾಂಕ್ ಬೀದಿಯಿಂದ ಮರಿಸ್ವಾಮಿ.

ಜನ ನನ್ನನ್ನು ಹೊಗಳಿದರು. ರಿಂಗಪ್ಪ ಮಗಳಿಗೋಸ್ಕರ ಕೂತಿದ್ದಾನೆ, ಟ್ಯಾಂಕಿನವನಿಗಿಂತ ಮೊದಲು ಎದ್ದರೆ ಸೋತ ಹಾಗೆ, ಗೆಲ್ಲಿಸದೆ ಏಳುವುದಿಲ್ಲ ಅಂದರು. ನನ್ನ ಹೆಸರು ಜವರಪ್ಪ. ರಿಂಗಪ್ಪ ಅನ್ನುವುದು ಇಪ್ಪತ್ತಾರು ವರ್ಷದ ಹಿಂದೆ ಬಿದ್ದ ಹೆಸರು. ಆಗ ನಾನೂ ಗಿರಣಿ ಬೀದಿಗೆ ಆಡುತ್ತಿದ್ದೆ. ಕೊನೆಯ ಚೆಂಡು ನಾನೇ ಎಸೆದದ್ದು. ಅದು ಅರ್ಧ ದಿನ ತೂಗಿತು, ಇಳಿಯಿತು, ರಿಂಗಿನ ಅಂಚಿಗೆ ಟಣ್ ಅಂತ ತಾಗಿ ಆಚೆ ಹೋಯಿತು. ಅಲ್ಲಿಂದ ನನ್ನ ಪಂಕ್ಚರ್ ಅಂಗಡಿ ರಿಂಗಪ್ಪನ ಅಂಗಡಿ, ನನ್ನ ಹೆಂಡತಿ ರಿಂಗಪ್ಪನ ಹೆಂಡತಿ. ಮದುವೆಯ ಕಾಗದ ಕೊಡಲು ಬಂದವರೂ ಲಕೋಟೆಯ ಮೇಲೆ ಹಾಗೇ ಬರೆದು ತರುತ್ತಾರೆ. ಒಂದಿಬ್ಬರ ಹಲ್ಲು ಉದುರಿಸಿದೆ. ಹೆಸರು ಉದುರಲಿಲ್ಲ.

ದಮಯಂತಿಗೆ ಹತ್ತು ವರ್ಷವಾದಾಗ ಮನೆಯ ಹಿಂದಿನ ಗೋಡೆಗೆ ಒಂದು ಸೈಕಲ್ ರಿಮ್ಮು ಹೊಡೆದೆ. ಬೇಕಂತಲೇ ಚಿಕ್ಕ ಸೈಕಲ್ಲಿನದು, ನಿಜವಾದ ರಿಂಗಿಗಿಂತ ಚಿಕ್ಕದು. ಇದರಲ್ಲಿ ಹಾಕುವುದನ್ನು ಕಲಿತರೆ ಕೋರ್ಟಿನ ರಿಂಗು ಬಾವಿಯ ಹಾಗೆ ಕಾಣುತ್ತದೆ ಅಂತ ನನ್ನ ಲೆಕ್ಕಾಚಾರ. ಹನ್ನೆರಡು ವರ್ಷ ದಿನಾ ಬೆಳಿಗ್ಗೆ ಅವಳು ಎಸೆಯುವುದು, ನಾನು ಪಕ್ಕದಲ್ಲಿ ನಿಂತು ಬಯ್ಯುವುದು. ಅವಳ ಮಣಿಕಟ್ಟು ತಿರುಗುವುದನ್ನು ನೋಡಿಯೇ ಚೆಂಡು ಎಲ್ಲಿ ಬೀಳುತ್ತದೆ ಅಂತ ಹೇಳುತ್ತಿದ್ದೆ. ಒಂದು ಸಲವೂ ತಪ್ಪಿಲ್ಲ.

ಹಾಗಾಗಿ ಆ ಸಂಜೆಯೂ ನನಗೆ ಗೊತ್ತಾಯಿತು. ಊರೆಲ್ಲ ಉಸಿರು ಎಳೆದುಕೊಳ್ಳುವ ಮೊದಲೇ ಗೊತ್ತಾಯಿತು. ಟ್ಯಾಂಕಿನ ಹುಡುಗಿಯ ಬೆರಳು ಅವಳ ಮೊಣಕೈಯನ್ನು ಸವರಿತ್ತು. ಚೆಂಡು ಎರಡು ಬೆರಳು ಬಲಕ್ಕೆ ಹೋಗಿತ್ತು. ಅದು ಬಲಗಡೆಯ ಅಂಚಿಗೆ ತಾಗುತ್ತದೆ. ಟಣ್ ಅನ್ನುತ್ತದೆ.

ಇದನ್ನು ನಾನು ಯಾರಿಗೂ ಹೇಳಲಿಲ್ಲ. ಚೆನ್ನಾಜಿಗೂ ಹೇಳಲಿಲ್ಲ. ನಾನು ಕೂತಿರುವವರೆಗೆ ನನ್ನ ಮಗಳು ತಪ್ಪಿದವಳಲ್ಲ, ಅಷ್ಟೇ ನನ್ನ ತಲೆಯಲ್ಲಿದ್ದದ್ದು. ಮೇಲೆ ಕೂತ ಗುಬ್ಬಿ, ಮೆಲ್ಲಗೆ ತಿರುಗುವ ಕಪ್ಪು ಗೆರೆ, ಕೆಳಗೆ ಚಾಪೆಯ ಮೇಲೆ ಕಾಲು ಚಾಚಿ ಕೂತ ಅವಳು. ಹೀಗೇ ಇದ್ದರೆ ಏನು ಕೆಟ್ಟದ್ದು? ಮುದುಕನಾಗುವವರೆಗೆ ಕೂರುತ್ತೇನೆ ಅಂದುಕೊಂಡಿದ್ದೆ. ಹಿಂದೆ ಒಂದು ಸಲ ಹದಿನೇಳು ದಿನ ತೂಗಿದ್ದುಂಟು. ‘ಹದಿನೇಳು ದಿನದ ಚೆಂಡಿನ ವರ್ಷ ಹುಟ್ಟಿದವನು’ ಅಂತ ಈಗಲೂ ವಯಸ್ಸು ಹೇಳುವವರಿದ್ದಾರೆ. ಇದು ಇಪ್ಪತ್ತು ವರ್ಷದ ಚೆಂಡಾಗಲಿ.

ಎಂಟನೆಯ ದಿನ ಮಧ್ಯಾಹ್ನ ಚೆನ್ನಾಜಿ ನಮ್ಮಿಬ್ಬರಿಗೂ ಊಟ ತಂದಳು. ಗಂಡ, ತಮ್ಮ ಅಂತ ಭೇದ ಮಾಡಲಿಲ್ಲ. ಇಬ್ಬರಿಗೂ ಒಂದೊಂದು ಮುದ್ದೆ ಇಕ್ಕಿ ಸಾರು ಬಿಡುತ್ತಾ, ಎತ್ತಲೋ ನೋಡುತ್ತಾ ಕೇಳಿದಳು.

“ಅಲ್ಲ ಮರೀ, ನಿಮ್ಮ ಕೊಟ್ಟಿಗೆ ಮುಂದೇನೆ ಬಂದೆ. ಎಮ್ಮೇನೇ ಕಾಣಲಿಲ್ವಲ್ಲೋ?”

ಮರಿಸ್ವಾಮಿಯ ಬಾಯಿ ತುಂಬಾ ಮುದ್ದೆ. “ಕೆರೆ ಅಂಗಳಕ್ಕೆ ಬಿಟ್ಟೆ” ಅಂದ.

ಕೋರ್ಟಿನಲ್ಲಿ ಕೂತಿದ್ದ ಹತ್ತು ಹುಡುಗಿಯರೂ ತಿರುಗಿ ನೋಡಿದರು. ಮರಿಸ್ವಾಮಿಯ ಗಂಟಲಲ್ಲಿ ಮುದ್ದೆ ನಿಂತಿತು. ಗಫಾರ್ ಮೇಷ್ಟ್ರು ಒದ್ದೆ ಬಟ್ಟೆ ಹಿಡಿದು ಮೆಟ್ಟಿಲು ಹತ್ತುತ್ತಿದ್ದರು.

“ಮೇಷ್ಟ್ರೇ, ಮೇಷ್ಟ್ರೇ, ನಾನಂದಿದ್ದು ಎಮ್ಮೆ! ಚೆಂಡಲ್ಲ, ಎಮ್ಮೆ!”

“ಮಾತು ಮಾತೇ ಮರಿಸ್ವಾಮಿ. ಅದಕ್ಕೆ ಎಮ್ಮೆ ಯಾವ್ದು ಚೆಂಡು ಯಾವ್ದು ಅಂತ ಗೊತ್ತಾಗಲ್ಲ. ಸ್ವಲ್ಪ ಸರ್ಕೊಳ್ಳಿ.”

“ಅಕ್ಕಾ, ನೀನು ಬೇಕಂತ ಕೇಳ್ದೆ!”

“ನಾನೇನು ಕೇಳ್ದೆನಪ್ಪ? ಎಮ್ಮೆ ಎಲ್ಲಿ ಅಂದೆ. ಇನ್ನೊಂದು ಮುದ್ದೆ ಇಕ್ಕಲಾ?”

ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಆಮೇಲೆ ಅವಳು ನನ್ನ ಕಡೆ ತಿರುಗಿದಳು. ಆಗ ನಗು ನಿಂತಿತು.

“ಏನಂದ್ರೆ, ಆ ಬೀಡಿ ಚಾಳಿ ಏನ್ಮಾಡುದ್ರಿ?”

“ನಿಲ್ಲಿಸ್ದೆ.”

“ಅಂಗಡಿ ಬೀಗದ ಕೈ ಎಲ್ಲಿ?”

“ಮರ್ತು ಬಂದೆ.”

“ಕಟಿಂಗ್ ಮಾಡಿಸ್ಕಂಡ್ರಲ್ಲ, ಮೀಸೆ ಯಾಕೆ ಮಾಡಿಸ್ಲಿಲ್ಲ?”

“ಇರಲಿ ಅಂತ ಇಟ್ಕಂಡೆ. ಮುಚ್ಚೇ ಬಾಯಿ. ನಿನ್ ತಮ್ಮನಂಗೆ ದಡ್ಡ ಅಂದ್ಕಂಡಿದ್ದೀಯಾ?”

ಚೆನ್ನಾಜಿ ತಟ್ಟೆಗಳನ್ನು ಒಂದರೊಳಗೊಂದು ಇಟ್ಟಳು. “ನೀವು ಗೆಲ್ಲಕ್ಕೆ ಕುಂತಿಲ್ಲ” ಅಂದಳು. “ಗೆಲ್ಲಕ್ಕೆ ಕುಂತೋರ ಮುಖ ನಂಗೊತ್ತು. ಆ ದಿನ ನೀವು ಎಸೆದಾಗ ನಿಮ್ಮಪ್ಪ ಕುಂತಿರಲಿಲ್ವಾ, ಆ ಮುಖ. ನಿಮ್ದು ಆ ಮುಖ ಅಲ್ಲ.” ಇಷ್ಟು ಹೇಳಿ ಕೆಳಗಿಳಿದು ಹೋಗಿ, ಗೆರೆಯಾಚೆ ನಿಂತು ಮಗಳಿಗೆ ಊಟದ ಕ್ಯಾರಿಯರ್ ಕೊಟ್ಟಳು. ಇಬ್ಬರೂ ಬಹಳ ಹೊತ್ತು ಏನೋ ಮಾತಾಡಿದರು. ನನ್ನ ಕಡೆ ಯಾರೂ ನೋಡಲಿಲ್ಲ.

ಮಾರನೆಯ ದಿನವೇ ಮರಿಸ್ವಾಮಿ ಛತ್ರಿ ಎಸೆದದ್ದು. ಅವನು ಸೋತ ಸಿಟ್ಟಿಗೆ ಬಯ್ಯುತ್ತಿದ್ದಾನೆ ಅಂತ ನಾನು ತಿಳಿದೆ. ಛತ್ರಿ ಎಸೆದ ಮೇಲೆ ಅವನು ಕೆಳಗಿನ ಮೆಟ್ಟಿಲಿನಲ್ಲಿ ಕೂತು ಅಳತೊಡಗಿದ. ಐವತ್ತು ವರ್ಷದ ಗಂಡಸು. ಬಿಸಿಲು ಚುರುಗುಟ್ಟುತ್ತಿತ್ತು. ಚೆಂಡಿನ ನೆರಳು ರಿಂಗಿನ ಕೆಳಕ್ಕೆ ಬಂದು ನಿಂತಿತ್ತು.

ಆಗ ದಮಯಂತಿ ಎದ್ದಳು. ಚಾಪೆಯನ್ನು ಸುತ್ತಿ ಪಕ್ಕಕ್ಕಿಟ್ಟಳು. ಒಂಬತ್ತು ದಿನದಲ್ಲಿ ಅವಳ ಕೆನ್ನೆ ಒಳಕ್ಕೆ ಹೋಗಿತ್ತು, ಜರ್ಸಿ ಹೆಗಲಿನಲ್ಲಿ ಜೋತುಬಿದ್ದಿತ್ತು. ನನ್ನ ಎದುರಿನ ಗೆರೆಯವರೆಗೆ ನಡೆದು ಬಂದು, ಹೆಬ್ಬೆರಳು ಗೆರೆಗೆ ತಾಗುವ ಹಾಗೆ ನಿಂತಳು.

“ಅಪ್ಪಾ, ಏಳು.”

“ಹೋಗು, ನೆರಳಲ್ಲಿ ಕೂತ್ಕೊ. ಬಿಸ್ಲು.”

“ಒಂದು ಮಾತು ಕೇಳ್ತೀನಿ. ಹೌದು ಅನ್ನು, ಇಲ್ಲ ಅನ್ನು. ಅದು ಒಳಕ್ಕೆ ಹೋಗಲ್ಲ ಅಂತ ನಿನ್ ತಲೇಲಿ ಐತೆ. ಅಲ್ವಾ?”

ನನಗೆ ರಕ್ತ ನೆತ್ತಿಗೇರಿತು. “ಯಾರು ಹೇಳಿದ್ದು? ನಿಮ್ಮವ್ವನಾ? ಈ ಎಮ್ಮೆ ಕಾಯೋನಾ? ಯಾರು ಅಂತ ಹೇಳು, ನಾಲ್ಗೆ ಸೀಳ್ತೀನಿ!” ಅಂತ ಕೂಗಿದೆ. ಗುಬ್ಬಿ ಚೆಂಡಿನಿಂದ ಹಾರಿಹೋಯಿತು.

ಅವಳ ದನಿ ಏರಲಿಲ್ಲ. “ಯಾರೂ ಹೇಳಿಲ್ಲ. ಒಂಬತ್ತು ದಿನದಿಂದ ಇಲ್ಲಿಂದ ನೋಡ್ತಾ ಇವ್ನಿ. ಎಲ್ಲಾರೂ ಚೆಂಡು ನೋಡುದ್ರು. ನೀನೊಬ್ನೇ ರಿಂಗಿನ ಬಲಗಡೆ ಅಂಚು ನೋಡ್ತಿದ್ದೀಯ.”

ರಿಂಗಿನಿಂದ ಕಣ್ಣು ತೆಗೆದು ಅವಳನ್ನು ನೋಡಿದೆ.

“ಎರಡು ಬೆರಳು ಕಣವ್ವಾ” ಅಂದೆ. “ಎರಡೇ ಬೆರಳು. ಆ ಹಡಬೆ ನಿನ್ ಮೊಣಕೈ ಸವರಿದ್ಲು. ನಿನ್ ತಪ್ಪಲ್ಲ. ಆದ್ರೆ ಊರೋರಿಗೆ ಅದು ಕಾಣಲ್ಲ. ಟಣ್ ಅಂದದ್ದೊಂದೇ ಕೇಳ್ತದೆ. ನಾಳೆಯಿಂದ ರಿಂಗವ್ವ ಅಂತಾರೆ. ಬೇಕರೀಲಿ ಅಂತಾರೆ, ಮದ್ವೆ ಮನೇಲಿ ಅಂತಾರೆ. ನಿನ್ ಮಕ್ಕಳ್ನ ರಿಂಗವ್ವನ ಮಕ್ಕಳು ಅಂತಾರೆ. ನಂಗೊತ್ತು ಅದು ಹೆಂಗಿರ್ತದೆ ಅಂತ. ನಾನು ಕುಂತಿರ್ತೀನಿ. ನಂಗೇನು ಕಷ್ಟ ಇಲ್ಲ.”

“ಅನ್ಲಿ.”

“ಏನು ಅನ್ಲಿ?”

“ರಿಂಗವ್ವ ಅನ್ಲಿ. ನಂಗೆ ಹೊಟ್ಟೆ ಉರಿಯೋದು ಅದಕ್ಕಲ್ಲ.” ಅವಳು ಕೆಳಗಿನ ಮೆಟ್ಟಿಲಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದ ಮರಿಸ್ವಾಮಿಯ ಕಡೆ ಕೈ ತೋರಿಸಿದಳು. “ಮಾವ ಎಂಟು ದಿನ ಕುಂತಿತ್ತು. ಯಾಕೆ ಹೇಳು? ಅದು ಒಳಕ್ಕೆ ಹೋಗ್ತದೆ ಅಂತ ಹೆದರ್ಕಂಡು. ಟ್ಯಾಂಕ್ ಬೀದಿಯೋರಿಗೆಲ್ಲ ಅದೇ ಹೆದರಿಕೆ. ದಮ್ಮಿ ಎಸೆದ್ರೆ ಹೋಗ್ತದೆ ಅಂತ. ಹಂಗಂದ್ಕಂಡೇ ಉಗುರು ಕಚ್ಕಂಡು ಕುಂತಿದ್ರು. ಈ ಊರಲ್ಲಿ ನನ್ ಕೈ ಮೇಲೆ ನಂಬ್ಕೆ ಇಲ್ದೆ ಕುಂತಿದ್ದೋನು ನೀನೊಬ್ನೇ.”

“ದಮ್ಮೀ…”

“ನಾನು ಬಿಟ್ಟು ಒಂಬತ್ತು ದಿನ ಆಯ್ತಪ್ಪಾ. ಈ ಕೈಯಿಂದ ಬಿಟ್ಟೆ. ನೀನು ಇನ್ನೂ ಬಿಟ್ಟಿಲ್ಲ.”

ಆ ಮಾತು ಅಷ್ಟು ನಿರಾಳವಾಗಿ ಕೋರ್ಟಿನ ಒಳಗೆ ಕೇಳಿ ಎಷ್ಟೋ ದಿನವಾಗಿತ್ತು. ಅವಳ ಸುತ್ತ ವೃತ್ತವಿರಲಿಲ್ಲ. ಅವಳು ಏನು ಬೇಕಾದರೂ ಅನ್ನಬಹುದಾಗಿತ್ತು. ಕೂಸಿನ ತಾಯಿ ಕೂಸನ್ನು ಎದೆಗೆ ಒತ್ತಿಕೊಂಡು ಎದ್ದು ನಿಂತಳು.

ದಮಯಂತಿ ಗೆರೆ ದಾಟಿ ಬರಿಯ ಮಣ್ಣಿನ ಮೇಲೆ ಕಾಲಿಟ್ಟಳು.

ಏನೂ ಆಗಲಿಲ್ಲ. ಗಫಾರ್ ಮೇಷ್ಟ್ರ ಕೈ ಸೀಟಿಯ ಮೇಲೆ ಹೋಯಿತು, ಊದಲಿಲ್ಲ. ಅವಳು ನನ್ನ ಕೆಳಗಿನಿಂದ, ಕ್ಷೌರದವನ ಕುರ್ಚಿಯ ಪಕ್ಕದಿಂದ, ಒಣಗಿ ಮುರುಟಿದ ಹಪ್ಪಳದ ಚಾಪೆಯನ್ನು ಬಳಸಿಕೊಂಡು ಗೇಟಿನ ಕಡೆ ನಡೆದಳು. ಬರಿಗಾಲು. ಮಣ್ಣು ಸುಡುತ್ತಿತ್ತು, ಆದರೂ ಬೇಗ ಬೇಗ ಹೆಜ್ಜೆ ಹಾಕಲಿಲ್ಲ. ತಲೆ ಎತ್ತಿ ಚೆಂಡನ್ನು ನೋಡಲಿಲ್ಲ.

“ಏ ದಮ್ಮೀ! ನಿಂತ್ಕೊ! ನಿಲ್ಲು ಅಂದ್ರೆ ನಿಲ್ಲಬೇಕು!” ಅಂತ ಕಿರುಚಿದೆ. ಮರಿಸ್ವಾಮಿ ಎದ್ದು “ಹೋಗ್ತಾವಳೆ ಭಾವ, ನೋಡು, ಹೋಗ್ತಾವಳೆ” ಅಂದ, ಕಾಣುತ್ತಿದ್ದದ್ದನ್ನೇ ನನಗೆ ಹೇಳುವವನ ಹಾಗೆ. ಅವಳು ಗೇಟನ್ನು ತಳ್ಳಿದಳು. ಅದು ಕಿರ್ರೆಂದಿತು.

ಆಗ ನಾನು ಎದ್ದೆ. ಒಂಬತ್ತು ದಿನ ಮಡಚಿದ್ದ ಮಂಡಿ ಹಿಡಿದುಕೊಂಡಿತ್ತು. ಅವಳ ಹಿಂದೆ ಓಡಬೇಕು ಅನ್ನಿಸಿತು, ಕಾಲು ಬರಲಿಲ್ಲ, ಬಾಯಿ ಬಂತು.

“ಬಿಟ್ಟೆ” ಅಂದೆ. “ಬಿಟ್ಟೆ ಕಣವ್ವಾ, ಬಿಟ್ಟೆ!”

ಮೇಷ್ಟ್ರು ಓಡಿ ಬಂದು ನನ್ನ ಕಾಲ ಸುತ್ತ ಬಟ್ಟೆ ಎಳೆದರು. ನಾನು ಗೇಟನ್ನು ನೋಡುತ್ತಿದ್ದೆ. ಚೆಂಡನ್ನು ನೋಡಿದ್ದರೆ ಇನ್ನೂ ಚೆನ್ನಾಗಿ ಹೇಳಬಹುದಿತ್ತು. ಕೇಳಿದ್ದನ್ನಷ್ಟೇ ಹೇಳುತ್ತೇನೆ. ಟಣ್ ಅನ್ನಲಿಲ್ಲ. ಒದ್ದೆ ಸೀರೆಯನ್ನು ಒಂದೇ ಸಲ ಒದರಿದಾಗ ಬರುತ್ತದಲ್ಲ, ಬಲೆಯಲ್ಲಿ ಅಂಥದ್ದೊಂದು ಸದ್ದು ಬಂತು. ಆಮೇಲೆ ಚೆಂಡು ನೆಲಕ್ಕೆ ಬಡಿಯಿತು. ಒಂದು, ಎರಡು, ಮೂರು.

ನನ್ನ ಕಣ್ಣು ತಪ್ಪಿರಲಿಲ್ಲ, ಎರಡು ಬೆರಳು ಬಲಕ್ಕೇ ಹೋಗಿತ್ತು. ಆದರೆ ನನ್ನ ಕಣ್ಣು ಅಳತೆ ಹಿಡಿದಿದ್ದು ಮನೆಯ ಗೋಡೆಯ ರಿಮ್ಮಿಗೆ. ಕೋರ್ಟಿನ ರಿಂಗು ಅದಕ್ಕಿಂತ ದೊಡ್ಡದು. ಅದನ್ನು ಚಿಕ್ಕದು ನೋಡಿ ಹೊಡೆದವನು ನಾನೇ.

ಆ ಸದ್ದು ಊರಿಗೆಲ್ಲ ಹೇಗೆ ಕೇಳಿತೋ. ಗಿರಣಿ ನಿಂತಿತು. ಟ್ಯಾಂಕ್ ಬೀದಿಯಿಂದ ಒಂದು ದೊಡ್ಡ ನಿಟ್ಟುಸಿರು ಬಂತು, ಗಿರಣಿ ಬೀದಿಯಿಂದ ಕೇಕೆ. ಒಂಬತ್ತು ದಿನದ ಹಿಂದೆ ಒಳಗೆಳೆದುಕೊಂಡಿದ್ದನ್ನು ಈಗ ಹೊರಗೆ ಹಾಕುವವರ ಹಾಗೆ ಜನ ಬೀದಿ ಬೀದಿಯಿಂದ ಕೂಗುತ್ತಾ ಓಡಿ ಬಂದರು. ನಗಾರಿಯವನು ಬಂದ, ದರ್ಜಿ ಟೇಪನ್ನು ತಲೆಯ ಮೇಲೆ ಬೀಸುತ್ತಾ ಬಂದ, ಹಿಟ್ಟಿನ ಕೈಯ ಹೆಂಗಸರು ಬಂದರು. ಅವರ ನಡುವೆ ಚೆನ್ನಾಜಿಯೂ ಬಂದಳು. ಗೇಟು ಸಾಲದೆ ಕಾಂಪೌಂಡು ಹಾರಿದರು. ಟ್ಯಾಂಕಿನ ಹುಡುಗಿಯರೂ ನಮ್ಮ ಹುಡುಗಿಯರೂ ತಬ್ಬಿಕೊಂಡು ಅಳುತ್ತಿದ್ದರು. ಸೋತವರು ಯಾರು ಗೆದ್ದವರು ಯಾರು ಅಂತ ನೋಡಿದರೆ ಗೊತ್ತಾಗುವಂತಿರಲಿಲ್ಲ. ನನ್ನನ್ನು ಯಾರೋ ಹೆಗಲ ಮೇಲೆ ಎತ್ತಿಕೊಂಡರು. ನೋಡಿದರೆ ಮರಿಸ್ವಾಮಿ.

“ಹೋಯ್ತಲ್ಲ ಭಾವ, ಹೋಗೇಬಿಡ್ತಲ್ಲ! ನಾನು ಬಡ್ಕಂಡೆ, ಅವಳು ಎಸೆದ್ರೆ ಹೋಗ್ತದೆ ಅಂತ!” ಅನ್ನುತ್ತಾ ಅಳುತ್ತಿದ್ದ.

“ಇಳ್ಸಲಾ ನನ್ನ” ಅಂದೆ.

ಗೆಲ್ಲಿಸಿದವರ ಕೈಗೆ ಚೆಂಡು ಕೊಡುವುದು ನಮ್ಮಲ್ಲಿ ಪದ್ಧತಿ. ಗಫಾರ್ ಮೇಷ್ಟ್ರು ಅದನ್ನು ಎರಡು ಕೈಯಲ್ಲೂ ಹಿಡಿದುಕೊಂಡು ಜನರ ನಡುವೆ ತಿರುಗುತ್ತಿದ್ದರು. “ದಮಯಂತಿ ಎಲ್ಲಿ? ಎಲ್ರೀ ಹುಡುಗಿ?”

“ಗೇಟಿನಾಚೆ ಹೋದ್ಲು” ಅಂತ ಕೂಸಿನ ತಾಯಿ ಹೇಳಿದಳು.

“ಬರ್ತಾಳೆ” ಅಂದೆ ನಾನು. “ಕೇಕೆ ಕೇಳಿಲ್ವಾ? ಈಗ ಬರ್ತಾಳೆ, ದಾರಿ ಬಿಡ್ರೀ.”

ಜನ ಎರಡು ಪಾಲಾಗಿ ಸರಿದು ಗೇಟಿನವರೆಗೆ ದಾರಿ ಮಾಡಿದರು. ನಗಾರಿಯವನು ಕೋಲು ಎತ್ತಿ ಹಿಡಿದ. ಚೆನ್ನಾಜಿ ನನ್ನ ಪಕ್ಕಕ್ಕೆ ಬಂದು ನಿಂತು ಅದೇ ಕಡೆ ನೋಡಿದಳು. ಮೇಷ್ಟ್ರು ಚೆಂಡನ್ನು ಮುಂದಕ್ಕೆ ಚಾಚಿಕೊಂಡು ನಿಂತರು, ಅದರ ನೆರಳು ದಾರಿಯ ಉದ್ದಕ್ಕೂ ಚಾಚುತ್ತಾ ಚಾಚುತ್ತಾ ಗೇಟಿನ ಹೊಸ್ತಿಲು ಮುಟ್ಟಿತು. ಕೋಲು ಹಿಡಿದ ಕೈ ಸೋತು ಇಳಿಯಿತು. ಅವಳು ಬರಲಿಲ್ಲ.